ಗ್ಲಾಸಿನಲ್ಲಿ ಒಂದು ಹುಣಸೆಬೀಜ

24-1-1999, ಭಾನುವಾರ, ಕೊಟ್ಟೂರು

ಚೆಸ್ ಕಾಯಿಗಳನ್ನು ಸೋಪಿನ ನೀರಲ್ಲಿ ತೊಳೆದು ಟವೆಲ್ ಮೇಲೆ ಹರವಿದ್ದೇನೆ. ಮತ್ತೆ ಅದೇ. ಬಿಳಿ ರಾಣಿಯ ತಲೆಗೆ ಮಿರ್ಚಿ ಎಣ್ಣೆ. ಒಂಟೆಯ ಬುಡಕ್ಕೆ ಮಂಡಕ್ಕಿ ಒಗ್ಗರಣೆಯ ಸಾಸಿವೆ. ನನ್ನ ಸೆಟ್ಟೇ ಬೇಕು ಎಲ್ಲರಿಗೂ, ತೂಕದ ಕಾಯಿ ಅಂತ. ಕೈ ತೊಳೆಯುವುದು ಮಾತ್ರ ಬೇಡ. ಥೂ.

ಐದೂರು ಚೆಸ್ ಬಳಗದ ವಾರ್ಷಿಕ ಪಂದ್ಯ ಮುಗಿಯಿತು. ಆಡಿದ ಐದೂ ಗೆದ್ದೆ. ಕೊನೆಯದು ಕೂಡ್ಲಿಗಿಯ ಯಶೋಧಾ ಮೇಲೆ. ಬಳಗದಲ್ಲಿರುವ ಒಬ್ಬಳೇ ಹೆಣ್ಣುಮಗಳು, ಎಸ್‌ಟಿಡಿ ಬೂತ್ ನಡೆಸುತ್ತಾಳೆ. ಉಳಿದವರೆಲ್ಲ ಅವಳ ಜೊತೆ ಹತ್ತು ನಡೆ ಆಡಿ, "ಪಾಪ, ತಂಗಿ" ಅಂತ ಡ್ರಾ ಮಾಡಿ ಏಳುತ್ತಾರೆ. ನಾನು ಅವಳ ರಾಜ ಮೇಟ್ ಆಗಿ ಸಿಕ್ಕಿಬೀಳುವವರೆಗೆ ಆಡಿದೆ. ಕಾಲಾಳು ಪಾನ್ ಒಂದನ್ನೂ ಉಳಿಸಲಿಲ್ಲ. ಸುತ್ತ ನಿಂತವರು ಲೊಚಗುಟ್ಟಿದರು.

"ಹೆಣ್ಮಗಳು ಅಂತನ್ನ ನೋಡಬಾರದೇನಲೇ ಬೆನಕಾ?" ಅಂದ ಗಾದೆಪ್ಪ. ಬಳಗದ ಸೆಕ್ರೆಟರಿ, ತೀರ್ಪುಗಾರನೂ ಅವನೇ. ಹಗರಿಬೊಮ್ಮನಹಳ್ಳಿಯಲ್ಲಿ ಬಟ್ಟೆ ಅಂಗಡಿ. ನಮ್ಮ ಆಟವನ್ನೂ ಗಜಕಡ್ಡಿಯಲ್ಲಿ ಅಳೆಯುತ್ತಾನೆ.

ಅವಳು ಮಾತ್ರ ಮುಖ ಸಣ್ಣ ಮಾಡಲಿಲ್ಲ. ಕೇಳಿದ್ದು ಒಂದೇ: "ಎಲ್ಲಿ ತಪ್ಪಿದೆ, ತೋರಸ್ರಿ ಸರ್."

ತೋರಿಸಿದೆ. ಬರೆದುಕೊಂಡಳು.

ಸಭೆಯ ಕೊನೆಗೆ ಆ ಹಾಳು ಪದ್ಧತಿ. ಬೆಂಚಿನ ಮೇಲೆ ಚಹಾ ಗ್ಲಾಸುಗಳ ಸಾಲು, ಒಂದೊಂದಕ್ಕೂ ಒಬ್ಬೊಬ್ಬ ಆಟಗಾರನ ಹೆಸರಿನ ಚೀಟಿ. ಎದುರಿಗೆ ಹಳೇ ಪಂಚೆಯ ಪರದೆ. ಒಬ್ಬರಿಗೆ ಒಂದೇ ಹುಣಸೆಬೀಜ. ಒಳಗೆ ಹೋಗಿ ತನ್ನ ಮೆಚ್ಚಿನ ಆಟಗಾರನ ಗ್ಲಾಸಿಗೆ ಹಾಕಿ ಬರಬೇಕು. ತನಗೆ ತಾನೇ ಹಾಕಿಕೊಂಡರೆ ಕೊಟ್ಟೂರು ಬಸವಣ್ಣನ ಮೇಲೆ ಆಣೆ. ಆಮೇಲೆ ಗಾದೆಪ್ಪ ಎಣಿಸಿ ಒಂದರಿಂದ ಕೊನೆಯವರೆಗೆ ಕೂಗುತ್ತಾನೆ.

ಮೊದಲನೆಯವನು ಹರಪನಹಳ್ಳಿಯ ಅರುಣಕುಮಾರ್. ಮತ್ತಿನ್ನಾರು? ಎಲ್ಲರ ಹೆಗಲ ಮೇಲೂ ಕೈ ಹಾಕುತ್ತಾನೆ, ಎಲ್ಲರ ಜೋಕಿಗೂ ನಗುತ್ತಾನೆ, ಕುದುರೆ ಎಲ್ಲಿಗೆ ಹಾರುತ್ತದೆ ಅಂತ ಅವನಿಗೇ ಖಾತ್ರಿಯಿಲ್ಲ. ಕೊನೆಯವನು ನಾನು. ಒಂದು ಬೀಜ. ಹೋದ ವರ್ಷವೂ ಒಂದು, ಅದರ ಹಿಂದಿನ ವರ್ಷವೂ ಒಂದು. ಯಾರದೋ ಕೈತಪ್ಪಿ ಬೀಳುತ್ತದೆ, ಅಷ್ಟೇ.

25-1-1999

ಅವ್ವ ಚಹಾ ಕೊಡುತ್ತಾ ಕೇಳಿದಳು: "ಈ ಸಲನೂ ಕಡೀಗೇ ಬಂದ್ಯೇನು?"

"ಆಟದಾಗ ಮೊದಲು ಬಂದೀನಬೇ."

"ಅದನ್ನ ಯಾರ ಕೇಳ್ಯಾರ? ಇಡೀ ಊರಾಗ ನಿನ್ನ ಒಳ್ಳೇವ ಅನ್ನಾಕಿ ನಾನೊಬ್ಬಾಕಿ. ಅದೂ ಹಡದ ತಪ್ಪಿಗೆ."

ಅವ್ವ ಕೊಟ್ರಮ್ಮನ ನಾಲಿಗೆಗೆ ರೇಟಿಂಗ್ ಕೊಡುವವರು ಯಾರೂ ಹುಟ್ಟಿಲ್ಲ.

14-3-1999, ಭಾನುವಾರ, ಕೂಡ್ಲಿಗಿ

ಬಳಗದ ಪಂದ್ಯ ಇವತ್ತು ಇಲ್ಲಿ, ಸರದಿಯಂತೆ ಒಂದೊಂದು ಸಲ ಒಂದೊಂದು ಊರು. ಇವರ ಚೆಸ್ಸಿನ ಬಗ್ಗೆ ಬರೆದಿಡುತ್ತೇನೆ. ಓದುವವರು ಯಾರೂ ಇಲ್ಲ. ಆದರೂ.

ಊಟದ ಹೊತ್ತು ಹತ್ತಿರ ಬಂತೆಂದರೆ ಬೋರ್ಡಿನ ಮೇಲೆ ಕೈಗಳು ಚಾಚತೊಡಗುತ್ತವೆ. ಕೈ ಚಾಚಿದರೆ ಡ್ರಾ. "ಡ್ರಾ ಬೇಕಾ" ಅಂತ ಕೇಳುವ ಸೌಜನ್ಯವೂ ಇಲ್ಲ. ಚಾಚಿದ ಕೈ ಹಿಡಿಯದೆ ಬಿಟ್ಟರೆ ಮನೆಗೆ ಬಂದವರಿಗೆ ನೀರು ಕೊಡದಷ್ಟು ದೊಡ್ಡ ತಪ್ಪು. ಗಾದೆಪ್ಪ ಓಡಿ ಬಂದು ಕ್ಲಾಕ್ ನಿಲ್ಲಿಸುತ್ತಾನೆ, ಅರ್ಧ-ಅರ್ಧ ಬರೆಯುತ್ತಾನೆ. ಮುಗಿಯಿತು. ಎಲ್ಲರೂ ಅಣ್ಣತಮ್ಮಂದಿರು. ಎಲ್ಲರೂ ಮಂಡಕ್ಕಿಗೆ.

ನಾನೊಬ್ಬ ಹಿಡಿಯುವುದಿಲ್ಲ. ಇವತ್ತು ಗಂಗಪ್ಪಜ್ಜ ಚಾಚಿದರು. ರಿಟೈರ್ಡ್ ಮೇಷ್ಟ್ರು, ಆನೆ ಕಳಕೊಂಡು ಕೂತಿದ್ದರು. ನಾನು ಬೋರ್ಡು ನೋಡುತ್ತಾ ಕೂತೆ. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಹಿಂದಕ್ಕೆ ಹೋಯಿತು.

"ಸೊಕ್ಕು ಬಾಳ ಐತಿ ಈತಗ," ಅಂದರು ಯಾರೋ ಹಿಂದಿನಿಂದ.

ಐತಿ. ಆಟ ಬಂದು ಆಡಿದರೆ ಸೊಕ್ಕು. ಆಟ ಬಾರದೆ ಕೈ ಚಾಚಿದರೆ ದೊಡ್ಡ ಗುಣ.

6-6-1999, ಭಾನುವಾರ, ಹೂವಿನಹಡಗಲಿ

ಹಡಗಲಿಯ ಒಂದು ವಸತಿ ಶಾಲೆಗೆ ಚೆಸ್ ಮೇಷ್ಟ್ರು ಬೇಕಂತೆ. ಸಂಬಳ, ರೂಮು, ಊಟ. ಪಂದ್ಯಗಳಿಗೆ ಹೋಗಲು ರಜೆ. ಕೇಳುತ್ತಿದ್ದ ಹಾಗೆ ಎದೆ ಹೊಡೆದುಕೊಂಡಿತು. ಸುತ್ತ ನಾಲ್ಕೂರಿನಲ್ಲಿ ಇಂಟರ್‌ನ್ಯಾಷನಲ್ ರೇಟಿಂಗ್ ಇರುವವನು ನಾನೊಬ್ಬ. ಚೆಸ್ಸನ್ನೇ ನಂಬಿ ಬದುಕುತ್ತಿರುವ ಹುಚ್ಚನೂ ನಾನೊಬ್ಬ. ನನ್ನದಲ್ಲದೆ ಮತ್ಯಾರದು?

ಶಾಲೆಯ ಟ್ರಸ್ಟಿ ಪಂಚಾಕ್ಷರಪ್ಪನವರು ಬಹುಮಾನ ಕೊಡಲು ಬಂದಿದ್ದರು. ಮೈಕ್ ಹಿಡಿದು ಹೇಳಿದರು:

"ರೇಟಿಂಗು-ಗೀಟಿಂಗು ನಮಗ ತಿಳಿಯಂಗಿಲ್ಲ. ಮಕ್ಕಳ ಕೂಡ ಇರಾ ಮನುಷ್ಯಾ. ಎಲ್ಲಾರೂ ಒಪ್ಪಿರಬೇಕು. ನಿಮ್ಮ ಬಳಗದಾಗ ಗ್ಲಾಸಿನ ಪದ್ಧತಿ ಐತಂತಲ್ಲ? ಬರೋ ಸಂಕ್ರಾಂತಿ ಆದಮ್ಯಾಲೆ ಅದರಾಗ ಯಾರು ಮೊದಲು ಬರ್ತಾರೋ, ಅವರಿಗೆ ಕೆಲಸ. ಮುಗೀತು."

ಚಪ್ಪಾಳೆಯೋ ಚಪ್ಪಾಳೆ. ಅರುಣಕುಮಾರ ನನ್ನ ಹೆಗಲ ಮೇಲೆ ಕೈ ಹಾಕಿ, "ನಿಂಗೂ ಚಾನ್ಸ್ ಐತೆ ಕಣಲೇ, ಒಂದು ಬೀಜ ಅಂತೂ ಪಕ್ಕಾ," ಅಂದ. ಆ ಕೈಯಲ್ಲಿ ಬೆವರು. ಅಂಗಿಯ ಮೇಲೆ ಐದು ಬೆರಳಿನ ಗುರುತು.

8-6-1999

ಮಾವ ಬಂದಿದ್ದ, ಅಕ್ಕನ ಗಂಡ ಬಸವೇಶ್. ಕೊಟ್ಟೂರಿನಲ್ಲೇ ಹಾರ್ಡ್‌ವೇರ್ ಅಂಗಡಿ. ಕೆಟ್ಟವನಲ್ಲ. ಅದೇ ಕಷ್ಟ.

"ಉಗಾದಿತನಕ ನೋಡು. ಆ ಸಾಲಿ ಕೆಲಸ ಸಿಕ್ಕರ ಸಂತೋಷ. ಸಿಗಲಿಲ್ಲಂದ್ರ ಬಂದು ಗಲ್ಲಾದ ಮ್ಯಾಲೆ ಕುಂದ್ರು. ಮೂವತ್ತು ದಾಟ್ಯಾವು ನಿನಗ. ಇನ್ನೂ ಕುದುರಿ ಕುಣಿಸಿಕೋಂತ ಕುಂತರ ಹೆಂಗ?"

ಅವ್ವ ಒಳಗಿನಿಂದ ಕೆಮ್ಮಿದಳು. ಅವಳು ಕೆಮ್ಮಿದರೆ ಸಹಿ ಹಾಕಿದ ಹಾಗೆ.

ಮೊಳೆ ತೂಗಬೇಕು. ಬಾಗಿಲ ಚಿಲಕದ ರೇಟು ಹೇಳಬೇಕು. ಸತ್ತಂತೆಯೇ ಸರಿ.

ಜನ ಮೆಚ್ಚಬೇಕಂತೆ. ಮೆಚ್ಚಿಸೋಣ. ಅದೇನು ಬ್ರಹ್ಮವಿದ್ಯೆಯೇ? ಅರುಣಕುಮಾರನಿಗೇ ಬರುತ್ತದೆ.

4-7-1999, ಭಾನುವಾರ, ಹಗರಿಬೊಮ್ಮನಹಳ್ಳಿ

ಶುರು.

ಗಾದೆಪ್ಪನ ಜೊತೆ ಆಟ. ಹನ್ನೆರಡನೇ ನಡೆಗೇ ರಾಣಿಯನ್ನು ಬಾಯಿಗೆ ತಂದಿಟ್ಟ. ನಾನು ನೋಡದ ಹಾಗೆ ನಟಿಸಿದೆ. ತುಟಿ ಕಚ್ಚಿ ಯೋಚಿಸುವ ನಾಟಕ ಬೇರೆ. ಆಮೇಲೆ ಕೈ ಚಾಚಿದೆ. ಜೀವನದಲ್ಲಿ ಮೊದಲ ಸಲ.

ಗಾದೆಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ಹಿಡಿದ. "ನೋಡ್ರಪ್ಪೋ! ನಮ್ಮ ಬೆನಕಪ್ಪ ಮನುಷ್ಯಾ ಆಗ್ಯಾನ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಎರಡು ಸಲ ಕೈ ತೊಳೆದೆ.

22-8-1999, ಭಾನುವಾರ

ಈಗ ಇವರ ಜೊತೆ ಕೂತು ಮಿರ್ಚಿ ತಿನ್ನುತ್ತೇನೆ. ಅದೇ ಕೈಯಲ್ಲಿ ಕಾಯಿ ಮುಟ್ಟುತ್ತೇನೆ. ಗಂಗಪ್ಪಜ್ಜ ತಮ್ಮ ಹಳೆಯ ಗೆಲುವೊಂದನ್ನು ಮತ್ತೆ ಹೇಳಿದರು, ಮೊದಲ ಸಲ ಕೇಳಿದಂತೆ ಕೇಳಿದೆ. ಅದರಲ್ಲಿ ಕಪ್ಪು ರಾಜ ಎರಡು ಸಲ ಕ್ಯಾಸಲ್ ಆಗುತ್ತಾನೆ; ನಿಯಮದಲ್ಲಿ ಇರುವುದೇ ಒಂದು ಸಲ. "ಭಾರೀ ಆಟ ಅಜ್ಜಾರ," ಅಂದೆ. ಮುದುಕರ ಕಣ್ಣಲ್ಲಿ ನೀರೇ ಬಂತು.

ಎಷ್ಟು ಸುಲಭ! ಅದೇ ಹೇಸಿಗೆ. ಇಷ್ಟು ವರ್ಷ ನನ್ನನ್ನು ಕಂಡರೆ ಮುಖ ತಿರುವುತ್ತಿದ್ದವರು ನಾಲ್ಕು ಡ್ರಾ ಮತ್ತು ಒಂದು ಪ್ಲೇಟ್ ಮಿರ್ಚಿಗೆ ಬಿದ್ದರು. ಇವರ ಸಿಟ್ಟಿಗೂ ಬೆಲೆಯಿಲ್ಲ, ಪ್ರೀತಿಗೂ ಇಲ್ಲ.

3-10-1999, ಭಾನುವಾರ, ಹರಪನಹಳ್ಳಿ

ಅರುಣಕುಮಾರನಿಗೆ ಸೋತೆ. ಬೇಕೆಂದೇ. ಅವನ ಊರು, ಅವನ ಜನ. ಅವನಿಗೆ ಬೀಳುವ ಬೀಜಗಳಲ್ಲಿ ನಾಲ್ಕಾದರೂ ಇತ್ತ ಬರಬೇಕಲ್ಲ.

ಸೋಲಲು ಎಷ್ಟು ಕಷ್ಟಪಟ್ಟೆ ಎಂದರೆ... ಮೂರು ಸಲ ದಾರಿ ಮಾಡಿಕೊಟ್ಟೆ, ಮೂರು ಸಲವೂ ಅವನು ನೋಡಲಿಲ್ಲ. ಕೊನೆಗೆ ರಾಜನನ್ನು ನಾನೇ ಕೈ ಹಿಡಿದು ಮೂಲೆಗೆ ನಡೆಸಿಕೊಂಡು ಹೋದೆ. ಮೇಟ್ ಮಾಡಿ ಮೇಜು ಗುದ್ದಿದ. "ಬೆನಕಪ್ಪನ್ನ ಹೊಡೆದೆ ಕಣ್ರಲೇ!"

ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಯಶೋಧಾ ನೀರಿನ ಬಾಟಲ್ ಹಿಡಿದು ಆ ಕಡೆಯಿಂದ ಬರುತ್ತಿದ್ದಳು.

"ಆರಾಮಿಲ್ಲೇನ್ರಿ ಸರ್?"

"ಮಿರ್ಚಿ ಬಾಳ ತಿಂದೆ."

"ಮೊದಲು ಮಿರ್ಚಿ ತಿನ್ನಾವರಲ್ಲಲ್ರಿ ನೀವು," ಅಂದಳು. ಬಾಟಲ್ ಕೊಟ್ಟು ಹೋದಳು.

12-12-1999, ಭಾನುವಾರ, ಕೂಡ್ಲಿಗಿ

ಎರಡು ತಿಂಗಳು ಬರೆದಿಲ್ಲ. ಬರೆಯುವಂಥದ್ದು ಏನಿತ್ತು? ನಕ್ಕೆ. ಕೈ ಕೊಟ್ಟೆ. ನಕ್ಕೆ.

ಇವತ್ತು ಯಶೋಧಾ ಜೊತೆ. ತಯಾರಾಗಿ ಬಂದಿದ್ದಳು. ಜನವರಿಯಲ್ಲಿ ತೋರಿಸಿದ ತಪ್ಪು ಮತ್ತೆ ಮಾಡಲಿಲ್ಲ. ಒಳ್ಳೆಯ ಆಟ. ಎಷ್ಟೋ ತಿಂಗಳ ಮೇಲೆ ಬೋರ್ಡಿನ ಮುಂದೆ ಮೈ ಬಿಸಿಯಾಯಿತು. ಆದರೂ ನಾನು ಮುಂದಿದ್ದೆ. ಎರಡು ಪಾನ್ ಜಾಸ್ತಿ, ಅವಳ ರಾಜ ಬಯಲಿಗೆ ಬಿದ್ದಿದ್ದ. ಅವಳು ಕುರ್ಚಿ ಮುಂದಕ್ಕೆಳೆದು, ಗಲ್ಲಕ್ಕೆ ಕೈ ಹಚ್ಚಿ, ಉಳಿಯುವ ದಾರಿ ಹುಡುಕುತ್ತಿದ್ದಳು.

ತಲೆ ಎತ್ತಿದೆ. ಗಾದೆಪ್ಪ, ಅರುಣಕುಮಾರ, ಗಂಗಪ್ಪಜ್ಜ, ಎಲ್ಲರೂ ಸುತ್ತ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಈ ಬೆನಕಪ್ಪ ಬದಲಾಗಿದ್ದು ನಿಜವೋ, ನಾಟಕವೋ?

ಕೈ ಚಾಚಿದೆ. "ಪಾಪ, ತಂಗಿ," ಅಂತಲೂ ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಅವಳು ಕೈ ನೋಡಿದಳು. ನನ್ನ ಮುಖ ನೋಡಿದಳು. ಹಿಡಿಯುವಷ್ಟರಲ್ಲಿ ಗಾದೆಪ್ಪ ಕ್ಲಾಕ್ ನಿಲ್ಲಿಸಿಯೇ ಬಿಟ್ಟಿದ್ದ. ಚಪ್ಪಾಳೆ. "ಭೇಷ್ ಬೆನಕಾ!" ಅವಳ ಬೆರಳು ತಣ್ಣಗಿದ್ದವು. ಎಲ್ಲಿ ತಪ್ಪಿದೆ ಅಂತ ಕೇಳಲಿಲ್ಲ. ಕಾಯಿಯನ್ನೂ ಜೋಡಿಸಲಿಲ್ಲ. ಎದ್ದು ಹೋದಳು.

ಡ್ರಾ ಸಿಕ್ಕಿದ್ದಕ್ಕೆ ಖುಷಿ ಪಡಬೇಕಿತ್ತಪ್ಪ.

23-1-2000, ಭಾನುವಾರ, ಕೊಟ್ಟೂರು

ಮೊದಲನೆಯವನು. ನಾನು.

ಗ್ಲಾಸು ಅರ್ಧ ತುಂಬಿತ್ತು. ಗಾದೆಪ್ಪ ಅಲ್ಲಾಡಿಸಿ ಸದ್ದು ಮಾಡಿ ತೋರಿಸಿದ. ಅರುಣಕುಮಾರ ಎರಡನೆಯವನು, ತಬ್ಬಿಕೊಂಡ. ನನ್ನ ಹಳೆಯ ಜಾಗಕ್ಕೆ, ಕೊನೆಗೆ, ಯಶೋಧಾ. ಒಂದೂ ಬೀಜ ಇಲ್ಲ. ಪಾಪ, ತಂಗಿ ಅನ್ನುವವರು ಒಂದು ಬೀಜ ಕೂಡ ಹಾಕಲಿಲ್ಲ. ಆ ಪುಣ್ಯಾತ್ಮರಲ್ಲಿ ನಾನೂ ಒಬ್ಬ. ನನ್ನದು ಗಾದೆಪ್ಪನಿಗೆ ಹೋಯಿತು.

ಒಟ್ಟು ಲೆಕ್ಕದಲ್ಲಿ ಒಂದು ಬೀಜ ಕಡಿಮೆ ಬಂತು. "ಯಾರೋ ಹುರುದು ತಿಂದಾರ ನೋಡ್ರಿ," ಅಂದ ಗಾದೆಪ್ಪ. ಎಲ್ಲರೂ ನಕ್ಕರು. ನನ್ನ ನಗುವೇ ಎಲ್ಲರಿಗಿಂತ ಜೋರಾಗಿತ್ತು. ಅಭ್ಯಾಸ.

ಅವ್ವ ಸಕ್ಕರೆ ಹಾಕಿದಳು ಬಾಯಿಗೆ. "ಈಗ ನೋಡು, ನಾಕು ಮಂದಿ ಒಪ್ಪಂಗ ಆದಿ," ಅಂದಳು.

31-1-2000, ಸೋಮವಾರ

ಕೂಡ್ಲಿಗಿಯಲ್ಲಿ ಚೆಸ್ ಟ್ಯೂಷನ್ ಇತ್ತು. ಪಂಚಾಕ್ಷರಪ್ಪನವರಿಗೆ ಫೋನ್ ಮಾಡಿ ಕೆಲಸಕ್ಕೆ ಹೂಂ ಅನ್ನಬೇಕಿತ್ತು. ಬೂತ್‌ಗಳು ಬೇರೆಯೂ ಇದ್ದವು. ಯಶೋಧಾಳ ಬೂತಿಗೇ ಹೋದೆ. ಅವಳ ಕಿವಿಗೂ ಬೀಳಲಿ ಅಂತ. ಹೌದು, ಜಂಬ.

"ಮಾರ್ಚ್ ಒಂದಕ್ಕ ಬಂದು ಸೇರಿಕೊಳ್ರಿ," ಅಂದರು ಅವರು. "ಎಲ್ಲಾರ ಕೂಡ ಹೊಂದಿಕೊಂಡು ಹೋಗೋ ಮನುಷ್ಯಾ ಅಂತ ಗಾದೆಪ್ಪ ಹೇಳ್ಯಾನ. ಹಂಗೇ ಇರ್ರಿ. ಅದರ ಮ್ಯಾಲೇ ಕೆಲಸ."

"ಹಂಗೇ ಇರ್ತೀನ್ರಿ," ಅಂದೆ.

ಫೋನ್ ಇಟ್ಟು ಬಂದೆ. ಯಶೋಧಾ ಬಿಲ್ ಹರಿದು ಕೊಟ್ಟಳು. ಚಿಲ್ಲರೆ ಕೊಟ್ಟಳು. ಮೇಜಿನ ಡ್ರಾಯರಿನಿಂದ ಇನ್ನೇನೋ ತೆಗೆದು ಚಿಲ್ಲರೆಯ ಮೇಲೆ ಇಟ್ಟಳು. ಹುಣಸೆಬೀಜ.

"ಇದು ನಿಮ್ಮದು ಸರ್. ವರ್ಷಾ ವರ್ಷಾ ನಿಮ್ಮ ಗ್ಲಾಸಿಗೇ ಹಾಕ್ತಿದ್ದೆ. ಈ ಸಲ ಪರದೆ ಹಿಂದ ಬಾಳ ಹೊತ್ತು ನಿಂತೆ. ಹಾಕಾಕ ಆಗಲಿಲ್ಲ."

"ಯಾಕ?" ಅಂದೆ, ದಡ್ಡನ ಹಾಗೆ.

"ಎಲ್ಲಾರೂ ನನ್ನ ಕೂಡ ಹತ್ತು ನಡಿ ಆಡಿ ಕೈ ಕೊಡ್ತಿದ್ರು, ಸಣ್ಣ ಹುಡುಗಿಗೆ ಪೆಪ್ಪರಮೆಂಟ್ ಕೊಟ್ಟಂಗ. ನೀವೊಬ್ಬರು ಮೇಟ್ ಮಾಡೋತನಕ ಆಡ್ತಿದ್ರಿ. ನನ್ನ ಎದುರಾಳಿ ಅಂತ ತಿಳಕೊಂಡಾವರು ನೀವೊಬ್ಬರೇ ಇದ್ರಿ. ಸೋತ ದಿನ ಮನಿಗೆ ಹೋಗಿ ಪೂರಾ ಆಟ ಮತ್ತ ಹಚ್ಚಿ ನೋಡ್ತಿದ್ದೆ." ಧ್ವನಿ ಏರಲಿಲ್ಲ. "ಆ ಡ್ರಾನ ಏನಂತ ಹಚ್ಚಿ ನೋಡ್ಲಿ?"

ಯಾರೋ ಫೋನ್ ಮಾಡಲು ಬಂದರು. ಅವಳು ಆ ಕಡೆ ತಿರುಗಿದಳು.

1-2-2000

ಮೈ ಮೇಲೆಲ್ಲ ಏನೋ ಮೆತ್ತಿಕೊಂಡ ಹಾಗಿದೆ. ಎರಡು ಸಲ ಸ್ನಾನ ಮಾಡಿದೆ. ಅವ್ವ ಜ್ವರವೇ ಅಂತ ಹಣೆ ಮುಟ್ಟಿದಳು.

ಇಷ್ಟು ದಿನ ಅವರ ಮೇಲೆ ಉಗಿದೆ. ಬೆವರುಗೈ ಅಂದೆ, ಎಣ್ಣೆಗೈ ಅಂದೆ. ಅವರಾದರೂ ಆಟ ಬಾರದೆ ಕೈ ಚಾಚುವವರು. ನಾನು ಬಂದೂ ಚಾಚಿದೆ. ಅರುಣಕುಮಾರ ನಿಜವಾಗಿ ನಗುತ್ತಾನೆ, ಗಂಗಪ್ಪಜ್ಜನಿಗೆ ನಿಜವಾಗಿ ಕಣ್ಣೀರು ಬಂತು. ಸುಳ್ಳು ಅಂತ ಇದ್ದದ್ದು ಅಲ್ಲಿ ನನ್ನದೊಂದೇ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ಹುಣಸೆಬೀಜಕ್ಕೇ ಹೋಯಿತು. ಥೂ ನನ್ನ!

ಆದರೂ ಕೆಲಸ ಬೇಕು. ಅದೂ ನಿಜ. ಮೊಳೆ ತೂಗಲಾರೆ.

13-2-2000, ಭಾನುವಾರ, ಹರಪನಹಳ್ಳಿ ಬಸ್‌ಸ್ಟ್ಯಾಂಡ್, ಸಂಜೆ

ಕೊಟ್ಟೂರು ಬಸ್ ಇನ್ನೂ ಬಂದಿಲ್ಲ. ಬರುವವರೆಗೆ ಬರೆಯುತ್ತೇನೆ.

ಕೊನೆಯ ಸುತ್ತು. ಯಶೋಧಾ ಮತ್ತು ನಾನು. ಪಂಚಾಕ್ಷರಪ್ಪನವರು ಬಹುಮಾನ ಕೊಡಲು ಬಂದವರು ನಮ್ಮ ಬೋರ್ಡಿನ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡರು. ತಮ್ಮ ಹೊಸ ಮೇಷ್ಟ್ರನ್ನು ನೋಡಬೇಕಲ್ಲ.

ಅವಳು ತಲೆ ಎತ್ತದೆ ಆಡಿದಳು. ನಾನೂ. ಅರ್ಧ ಆಟದವರೆಗೆ ಸಮ. ಆಮೇಲೆ ಅವಳ ಒಂದು ಕುದುರೆ ದಾರಿ ತಪ್ಪಿತು, ನನಗೆ ಅಷ್ಟೇ ಸಾಕಾಗಿತ್ತು. ಆನೆ ಒಳಗೆ ನುಗ್ಗಿದರೆ ಮುಗಿಯಿತು. ಕಣ್ಣಿಗೆ ಕಾಣುತ್ತಿತ್ತು.

ಆಗ ನನ್ನ ಕೈ ಎದ್ದಿತು. ಆನೆಯ ಕಡೆಗಲ್ಲ. ಬೋರ್ಡಿನ ಮೇಲಿಂದ, ಅವಳ ಕಡೆಗೆ. ಆಣೆ ಮಾಡಿ ಬರೆಯುತ್ತೇನೆ, ಯೋಚಿಸಿರಲೇ ಇಲ್ಲ. ಎಂಟು ತಿಂಗಳ ಅಭ್ಯಾಸಕ್ಕೆ ಕೈ ತಾನಾಗಿಯೇ ಹೋಯಿತು, ದನ ಸಂಜೆ ಹಟ್ಟಿಗೆ ಹೋದ ಹಾಗೆ. ಗಾದೆಪ್ಪ ಆಗಲೇ ಕ್ಲಾಕಿನತ್ತ ಬಾಗಿದ್ದ.

"ಕ್ಲಾಕಿಗೆ ಕೈ ಹಚ್ಚಬ್ಯಾಡ್ರಿ," ಅಂದಳು ಯಶೋಧಾ. "ನಾ ಒಪ್ಪಿಲ್ಲ."

ಗಾದೆಪ್ಪ ಬಾಗಿದವನು ಬಾಗಿದಂತೆಯೇ ನಿಂತ. ನನ್ನ ಕೈ ಗಾಳಿಯಲ್ಲಿ. ಅವಳು ಅದನ್ನು ನೋಡಲೂ ಇಲ್ಲ. ಬೋರ್ಡು ನೋಡುತ್ತಾ ಕೂತಳು. ನಾನು ಗಂಗಪ್ಪಜ್ಜನ ಮುಂದೆ ಕೂತ ಹಾಗೆ.

"ಸೋಲಾ ಆಟದಾಗ ಡ್ರಾ ಕೊಟ್ರ ಬ್ಯಾಡ ಅಂತಾಳಲ್ರೀ!" ಅಂದ ಅರುಣಕುಮಾರ.

"ಸೋಲೋದು ನಾನು ತಾನೇ? ಸೋಲ್ತೀನಿ," ಅಂದಳು. ಆಮೇಲೆ ನನಗೆ, "ನಿಮ್ಮ ಟೈಮ್ ಓಡಾಕತ್ತೈತಿ. ಆಡ್ರಿ ಸರ್."

ಕೈ ಹಿಂದಕ್ಕೆ ತಂದೆ. ಪ್ಯಾಂಟಿಗೆ ಒರೆಸಿಕೊಂಡೆ. ಆನೆ ಎತ್ತಿದೆ, ಒಳಗಿಟ್ಟೆ.

ಅವಳು ಬಿಡಲಿಲ್ಲ. ಹಲ್ಲು ಕಚ್ಚಿ ಆಡಿದಳು. ನಾನೂ ಬಿಡಲಿಲ್ಲ. ಒಂದೊಂದೇ ಪಾನ್ ತೆಗೆದೆ. ಸುತ್ತಲೂ ಲೊಚಗುಟ್ಟುವುದು ಶುರುವಾಯಿತು. ಪಂಚಾಕ್ಷರಪ್ಪನವರು ಮುಂದಕ್ಕೆ ಬಾಗಿ, "ಸಾಕು ಬಿಡಪಾ, ಹೆಣ್ಮಗಳನ್ನ ಯಾಕ ಗೋಳು ಹೊಯ್ಕೋತಿ?" ಅಂದರು. ಕೇಳಿಸಿತು. ಮಾರ್ಚ್ ಒಂದು, ರೂಮು, ಸಂಬಳ, ಮಾವನ ಗಲ್ಲಾ, ಎಲ್ಲವೂ ಕಣ್ಣ ಮುಂದೆ ಬಂತು. ರಾಣಿ ತಂದು ಚೆಕ್ ಕೊಟ್ಟೆ.

"ಇಂಥಾವನ್ನೇನು ಗಾದೆಪ್ಪಾ ನೀವೆಲ್ಲ ಕೂಡಿ ಮೆಚ್ಚಿದ್ದು?" ಅಂದರು. ಕುರ್ಚಿ ಸರಿದ ಸದ್ದು. ಚಪ್ಪಲಿಯ ಸದ್ದು ಬಾಗಿಲು ದಾಟಿ ಹೋಯಿತು, ಅದರ ಜೊತೆ ಕೆಲಸವೂ. ನಾನು ತಿರುಗಲಿಲ್ಲ.

ಮೇಟ್.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮಂಡಕ್ಕಿಗೆ ಹೋದರು. ನನ್ನ ಹೆಗಲ ಮೇಲೆ ಯಾರ ಕೈಯೂ ಬೀಳಲಿಲ್ಲ. ತಣ್ಣಗಿತ್ತು ಹೆಗಲು, ಹಗುರಾಗಿತ್ತು.

ಯಶೋಧಾ ಕಾಯಿಗಳನ್ನು ಮೊದಲಿನಂತೆ ಜೋಡಿಸಿದಳು. ಕಣ್ಣು ಕೆಂಪಗಿದ್ದವು. ಪೆನ್ನಿನ ಕ್ಯಾಪ್ ತೆಗೆದಳು.

"ಎಲ್ಲಿ ತಪ್ಪಿದೆ, ತೋರಸ್ರಿ ಸರ್."

ತೋರಿಸಿದೆ. ಆ ಕುದುರೆ. ಅಂಚಿಗೆ ಹೋಗಬಾರದಿತ್ತು. "ಹಂಗಾದ್ರ ಎಲ್ಲಿಗೆ?" ಅಂದಳು. ನಡುವಿಗೆ ಅಂದೆ, ಸುಮ್ಮನೆ, ಬಾಯಿಗೆ ಬಂದದ್ದು. ಬರೆದುಕೊಂಡಳು, ಬಸ್ಸಿಗೆ ಓಡಿದಳು.

ಈಗ ಬರೆಯುತ್ತಾ ನೋಡುತ್ತಿದ್ದೇನೆ. ನಡುವಿಗೆ ಬಂದಿದ್ದರೆ ನನ್ನ ಆನೆಗೆ ದಾರಿ ಎಲ್ಲಿತ್ತು? ಒಂಟೆ ಅಡ್ಡ ಇತ್ತಲ್ಲ... ರಾಣಿ ಹಿಂದಕ್ಕೆ ಹೋಗಬೇಕು. ಅವಳು ಪಾನ್ ತಳ್ಳುತ್ತಾಳೆ. ಅಯ್ಯೋ, ನಾನು ಸೋಲುತ್ತಿದ್ದೆ! ಅವಳಿಗೆ ಹೇಳಬೇಕು. ಇರು, ಸೆಟ್ ತೆಗೆದು ಇಲ್ಲೇ ಬೆಂಚಿನ ಮೇಲೆ ಹಚ್ಚಿ ನೋಡುತ್ತೇನೆ. ಕುದುರೆ ನಡುವಿಗೆ, ನಾನು ರಾಣಿ ಹಿಂದಕ್ಕೆ, ಆಮೇಲೆ ಅವಳು—